ಜೋಡಿ ಗಂಟು

ಮುತ್ತಿನ ಸರ ಪೋಣಿಸುವಾಗ ಎರಡು ಮುತ್ತಿನ ನಡುವೆ ಒಂದೇ ಗಂಟು ಹಾಕಬೇಕು. ವಿನೋಬನಗರದ ನಮ್ಮ ಮನೆಯಲ್ಲಿ ಕೂತು ಇಷ್ಟು ವರ್ಷ ಹಾಗೇ ಹಾಕ್ತಾ ಬಂದಿದ್ದೀನಿ. ಮೊನ್ನೆ ಭದ್ರಾವತಿಯಿಂದ ಒಬ್ಬರು ದಾರ ಸವೆದ ಹಳೇ ಸರ ತಂದರು. ನೋಡಿದರೆ ನಡುವೆ ಒಂದು ಕಡೆ ದಪ್ಪಗೆ ಎರಡು ಗಂಟು.

"ಯಾರ್ರೀ ಹಾಕಿದ್ದು ಇದನ್ನ? ಕೆಲಸ ಬಾರದೋರು!" ಅಂದೆ.

ಆಕೆ ನಕ್ಕರು. "ನಮ್ಮೂರಲ್ಲಿ ಸರ ಪೋಣಿಸೋ ಅಜ್ಜಿ ಒಬ್ರು ಇದ್ರು. ಅವರ ಹತ್ರ ಕಲೀತಿದ್ದ ಹುಡುಗಿ ಹಾಕಿದ್ದಂತೆ. ಅಜ್ಜಿ ಗದರಿ ಬಿಚ್ಚು ಅಂದಾಗ ಅಳೋಕೆ ಶುರು ಮಾಡ್ತಂತೆ. ನಮ್ಮಮ್ಮ 'ಇರ್ಲಿ ಬಿಡಿ' ಅಂತ ಹಾಗೇ ಹಾಕ್ಕೊಂಡು ಬಂದ್ರು. ಹೋದ ವರ್ಷ ತೀರಿಕೊಳ್ಳೋವರೆಗೂ ಮಾತಾಡ್ತಾ ಆ ಗಂಟನ್ನೇ ಸವರೋರು. ಹೊಸ ದಾರದಲ್ಲೂ ಅದು ಅಲ್ಲೇ ಇರ್ಬೇಕು."

ಆ ಅಜ್ಜಿ ನನ್ನ ಸೋದರತ್ತೆ. ಅತ್ತಿದ್ದು ನಾನು. ಆದರೆ ಬಾಯಿ ಬಿಡಲಿಲ್ಲ. ಕೆಲಸ ಬಾರದೋರು ಅಂತ ಆಗಲೇ ಅಂದಾಗಿತ್ತಲ್ಲ.

ಉಳಿದ ಗಂಟುಗಳೆಲ್ಲ ಸಲೀಸಾಗಿ ಬಿದ್ದವು. ಆ ಜಾಗದಲ್ಲಿ ಮಾತ್ರ ಕೈ ಮಾತು ಕೇಳಲಿಲ್ಲ. ಎರಡನೇ ಗಂಟು ಬೆರಳಿಗೆ ಸಿಗದಷ್ಟು ನೀಟಾಗಿ ಕೂತುಬಿಡ್ತಿತ್ತು. ಮೂರು ಸಲ ಬಿಚ್ಚಿದೆ. ಅಳು ಬರೋದೊಂದೇ ಬಾಕಿ. ಈ ಸಲ ಗದರೋಕೆ ಅತ್ತೆ ಇಲ್ಲ, 'ಇರ್ಲಿ ಬಿಡಿ' ಅನ್ನೋಕೆ ಆ ಅಮ್ಮನೂ ಇಲ್ಲ.