ಎಡ ದವಡೆಯ ಉಪವಾಸ

ಕಳೆದ ಭಾನುವಾರ ಬೆಳಿಗ್ಗೆ ಯಳಂದೂರಿನ ಅಣ್ಣನ ಮನೆಗೆ ಹೋದಾಗ, ಅವನ ಆರು ವರ್ಷದ ಮಗಳು ಸನಾ ಕತ್ತನ್ನು ಬಲಕ್ಕೆ ವಾಲಿಸಿಕೊಂಡು ಇಡ್ಲಿ ತಿನ್ನುತ್ತಿದ್ದಳು.

"ಹಲ್ಲು ನೋವೇನೇ?" ಎಂದೆ.

ಕೈಯೆತ್ತಿ 'ತಡೀರಿ' ಎಂದು ಸನ್ನೆ ಮಾಡಿದಳು. ನುಂಗಿದಳು. ಆಮೇಲೆ ಗಂಭೀರವಾಗಿ ಘೋಷಿಸಿದಳು: "ರೋಜಾ ಮಡಗಿವ್ನಿ ಪುಪ್ಪು."

(ಪುಪ್ಪು ಅಂದರೆ ಅಪ್ಪನ ತಂಗಿ, ಅಂದರೆ ನಾನು. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಶುರುವಾದ ಮಾತು ಕನ್ನಡದಲ್ಲಿ ಮುಗಿಯುತ್ತದೆ. ಇಲ್ಲಿ ಪೂರ್ತಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.)

ರೋಜಾ, ಅಂದರೆ ರಂಜಾನ್ ಉಪವಾಸ, ಇಟ್ಟವರು ಹಾಡಹಗಲೇ ಇಡ್ಲಿ ತಿನ್ನುತ್ತಾರೆಯೇ? ಉತ್ತರ ಅಡುಗೆಮನೆಯಿಂದ ಬಂತು. ನನ್ನ ಅಮ್ಮನದು.

"ಅದು ಒಂದ್ ದವಡೆ ರೋಜಾ ಕಣಮ್ಮಿ. ಎಡಗಡೆ ಉಪಾಸ, ಬಲಗಡೆ ಊಟ."

ಗೊತ್ತಿಲ್ಲದವರಿಗೆ ಒಂದು ಮಾತು. ಚಿಕ್ಕ ಮಕ್ಕಳಿಗೆ ರೋಜಾ ಕಡ್ಡಾಯವಲ್ಲ. ಆದರೆ ಮನೆಮಂದಿಯೆಲ್ಲ ಉಪವಾಸ ಇರುವಾಗ 'ನಾನೂ ಇರ್ತೀನಿ' ಎಂದು ಅವು ಹಟ ಹಿಡಿಯುತ್ತವೆ. ಆಗ ನಮ್ಮ ಅಜ್ಜಿಯಂದಿರು ಈ ಉಪಾಯ ಹೂಡುತ್ತಾರೆ. ಒಂದೇ ಕಡೆಯ ಹಲ್ಲಲ್ಲಿ ಅಗಿದು ತಿನ್ನು ಮಗ, ಇನ್ನೊಂದು ಕಡೆ ರೋಜಾ ಇರುತ್ತದೆ! ಮಗುವಿನ ಹೊಟ್ಟೆಯೂ ತುಂಬಿತು, ಮಾನವೂ ಉಳಿಯಿತು.

ನನಗೆ ಮಾತ್ರ ಮೈ ಉರಿಯಿತು. ಮಗುವಿಗೆ ಸುಳ್ಳು ಹೇಳುವುದೇ? ಕಾಲೇಜಿನಲ್ಲಿ ಮೂರೂ ವರ್ಷ ಚರ್ಚಾ ತಂಡದಲ್ಲಿದ್ದವಳು ನಾನು. ಯಾರು ಏನೇ ಅನ್ನಲಿ, "ಆಧಾರ ಎಲ್ಲಿದೆ?" ಎಂದು ಕೇಳದೆ ಬಿಟ್ಟವಳಲ್ಲ. ದೇವರ ವಿಷಯದಲ್ಲೂ ಅದೇ ಪ್ರಶ್ನೆ ಕೇಳಿ ರೋಜಾ ಬಿಟ್ಟಿದ್ದೇನೆ. (ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರಿಗೂ ಇಷ್ಟವಿಲ್ಲ.) ಸನಾಳಿಗೆಂದೇ ಒಂದು ಚಿತ್ರಪುಸ್ತಕವನ್ನು ಆನ್‌ಲೈನ್‌ನಲ್ಲಿ ತರಿಸಿ ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದೆ. ಪುಟ್ಟ ಹುಡುಗಿಯೊಬ್ಬಳ ಮೊದಲ ರೋಜಾದ ಕಥೆ. ದಪ್ಪ ರಟ್ಟು, ನುಣುಪಾದ ಹಾಳೆ, ಇಂಗ್ಲಿಷ್ ಸಾಲುಗಳು. ನಾನು ನಂಬದಿದ್ದರೂ ಅವಳು ಸರಿಯಾಗಿ ತಿಳಿದುಕೊಳ್ಳಲಿ ಎಂಬ ಉದಾರತೆ ನನ್ನದು.

ತೊಡೆಯ ಮೇಲೆ ಕೂರಿಸಿಕೊಂಡು ಕನ್ನಡ ಮಾಡುತ್ತಾ ಓದಿದೆ. ಆ ಹುಡುಗಿ ನಸುಕಿನಲ್ಲಿ ಎದ್ದು ಸಹರಿ ಊಟ ಮಾಡುತ್ತಾಳೆ. ಆಮೇಲೆ ಸೂರ್ಯ ಮುಳುಗುವವರೆಗೆ ಏನೂ ತಿನ್ನುವುದಿಲ್ಲ, ನೀರೂ ಕುಡಿಯುವುದಿಲ್ಲ. ಆ ಪುಟದಲ್ಲಿ ಸನಾಳ ಬೆರಳು ನಿಂತಿತು.

"ದವಡೆ ವಿಷ್ಯ ಎಲ್ಲದೆ?"

"ಅದು ಪುಸ್ತಕದಲ್ಲಿಲ್ಲ ಕಣೇ."

"ಹಂಗಾರೆ ನಂದು ಸುಳ್ ರೋಜಾನಾ?"

ಬುದ್ಧಿವಂತರಾಗಿದ್ದರೆ ಇಲ್ಲಿ ಮಾತು ಬದಲಿಸುತ್ತಿದ್ದರು. ನಾನು "ಅದೊಂಥರಾ ಆಟ" ಎಂದೆ.

ಸನಾ ತೊಡೆಯಿಂದ ಇಳಿದಳು. ಉಳಿದಿದ್ದ ಇಡ್ಲಿಯ ತಟ್ಟೆಯನ್ನು ಅಡುಗೆಮನೆಗೆ ಒಯ್ದು ಅಜ್ಜಿಯ ಮುಂದಿಟ್ಟಳು. "ನಂಗೆ ಆಟದ್ದು ಬ್ಯಾಡ. ಇನ್ಮೇಕೆ ನಿಜವಾದ್ದು." ಲೋಟದ ನೀರನ್ನೂ ಬಚ್ಚಲಿಗೆ ಚೆಲ್ಲಿದಳು.

ಶಿವರಾತ್ರಿ ಮುಗಿದ ಮೇಲೆ ಯಳಂದೂರಿನ ಬಿಸಿಲು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕೇ? ಮಧ್ಯಾಹ್ನದ ಹೊತ್ತಿಗೆ ಮಗುವಿನ ತುಟಿ ಒಣಗಿತ್ತು. ಗೋಡೆಗೆ ಒರಗಿ ಸುಮ್ಮನೆ ಕೂತಿತ್ತು. ಅವಳ ಅಮ್ಮ, ಅಂದರೆ ನನ್ನ ಭಾಬಿ, ಸ್ವತಃ ರೋಜಾದಲ್ಲಿದ್ದರೂ ನನ್ನನ್ನು ತಿಂದುಹಾಕುವಂತೆ ನೋಡಿದರು.

"ನೀವ್ ತಂದ ಪುಸ್ತಕ, ನೀವೇ ಬಿಡಿಸಿ."

ಸರಿ, ವಾದ ಮಂಡಿಸಿದೆ. ಚಿಕ್ಕ ಮಕ್ಕಳಿಗೆ ರೋಜಾ ಬೇಡ ಎಂದು ಕೊನೆಯ ಪುಟದಲ್ಲೇ ಬರೆದಿದೆ ನೋಡು ಎಂದೆ. "ಆ ಹುಡ್ಗೀನೂ ಚಿಕ್ಕೋಳೆಯ. ಅವ್ಳು ಮಡಗಿಲ್ವಾ?" ಅವಳ ಊರಿನಲ್ಲಿ ಹಿಮ ಬೀಳುತ್ತೆ ಕಣೇ, ನೋಡು ಮನೆ ಮೇಲೆಲ್ಲ ಐಸು, ಅವಳಿಗೆ ಬಾಯಾರಿಕೆಯೇ ಆಗಲ್ಲ ಎಂದೆ. ಸನಾ ಚಿತ್ರವನ್ನು ದಿಟ್ಟಿಸಿದಳು. "ಅಷ್ಟೊಂದ್ ಐಸ್ ಇದ್ರೂವೆ ತಿನ್ಲಿಲ್ಲ, ನೋಡಿ."

ಎದುರಾಳಿ ಒಂದನೇ ಕ್ಲಾಸು. ಸ್ಕೋರು ಎರಡು-ಸೊನ್ನೆ.

ಭಾಬಿ ಮೂಸಂಬಿ ಜ್ಯೂಸ್ ತಂದು ಸನಾಳ ಮೂಗಿನ ಕೆಳಗೆ ಹಿಡಿದರು. ಅವಳು ಮುಖ ತಿರುಗಿಸಿದಳು. "ಬ್ಯಾಡ. ಹನೂರ್ ಇರ್ಫಾನಣ್ಣ ರೋಜಾ ಮಡಗ್ದಾಗ ಹಾರ ಹಾಕುದ್ರಿ. ನಂಗೆ ಜ್ಯೂಸಾ?" (ಇರ್ಫಾನ್ ಭಾಬಿಯ ಅಕ್ಕನ ಮಗ. ಹನ್ನೊಂದು ವರ್ಷದವನು. ಮೊದಲ ರೋಜಾಕ್ಕೆ ಮಲ್ಲಿಗೆ ಹಾರ, ಹೊಸ ಜುಬ್ಬಾ, ಫೋಟೋ.)

ಅಷ್ಟರಲ್ಲಿ ಪಕ್ಕದ ಮನೆಯ ಮಾದೇವಮ್ಮ ಕರಿಬೇವು ಹಿಡಿದುಕೊಂಡು ಬಂದರು. "ಯಾಕವ್ವಾ, ಮಗ ಇಂಗೆ ಬಾಡೋಗದೆ?"

ವಿಷಯ ಕೇಳಿ ನಕ್ಕರು. "ಅಯ್ಯೋ ನನ್ ಕಂದಾ, ನಾವೂ ಶಿವರಾತ್ರಿ ಉಪಾಸ ಮಾಡ್ತೀವಿ. ಅವಲಕ್ಕಿ ತಿಂತೀವಿ, ಬಾಳೆಹಣ್ಣು ತಿಂತೀವಿ, ಸಂಜಿಗೆ ಉಪ್ಪಿಟ್ಟೂ ತಿಂತೀವಿ. ಶಿವ ಏನ್ ಬಂದು ಬಾಯಿ ತೆಗ್ಸಿ ನೋಡ್ತಾನಾ?"

ಸನಾ ತಲೆಯೆತ್ತದೆ ಹೇಳಿದಳು: "ದೇವ್ರು ನೋಡಲ್ಲ. ಪುಪ್ಪು ನೋಡ್ತಾರೆ."

ಅಮ್ಮನಿಗೆ ಇದಕ್ಕಿಂತ ಇನ್ನೇನು ಬೇಕು? "ಕೇಳಿಸ್ಕೊಂಡ್ಯಾ? ಇಷ್ಟ್ ವರ್ಷ ದೇವ್ರ ಮೇಲೆ ಕೇಸ್ ಹಾಕಂಡು ತಿರುಗ್ತಿದ್ದೆ. ಈಗ ನೀನೇ ದೇವ್ರಾಗೋದೆ!"

ಬೆಳಿಗ್ಗೆ ನಾನೇ ಕಿತ್ತುಕೊಂಡದ್ದನ್ನು ಈಗ ವಾಪಸ್ ಕೊಡಬೇಕಿತ್ತು. 'ದವಡೆ ರೋಜಾನೂ ನಿಜಾನೇ' ಎಂದರೆ ಅವಳು ನಂಬುತ್ತಿದ್ದಳೇ? ಆಧಾರ ಕೇಳುವುದನ್ನು ಅವಳಿಗೆ ಕಲಿಸಿದವಳೇ ನಾನು.

ಸನಾ ಪುಸ್ತಕ ಎತ್ತಿಕೊಂಡು ಮೂಲೆ ಸೇರಿದಳು. ಓದಲು ಬಾರದ ಮಗು ಒಂದೊಂದು ಚಿತ್ರವನ್ನೂ ಪೊಲೀಸರು ಮನೆ ತಪಾಸಣೆ ಮಾಡಿದಂತೆ ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ಕಿರುಚಿದಳು.

"ಪುಪ್ಪು! ಸಿಕ್ತು!"

ಕೊನೆಯ ದೊಡ್ಡ ಚಿತ್ರ. ಮನೆಮಂದಿಯೆಲ್ಲ ಬಟ್ಟೆ ಹಾಸಿ ಸುತ್ತ ಕೂತಿದ್ದಾರೆ. ಮೂಲೆಯಲ್ಲಿ ಒಬ್ಬ ಗುಂಡು ಹುಡುಗ. ಕಥೆಯಲ್ಲಿ ಅವನ ಹೆಸರೂ ಇಲ್ಲ, ಮಾತೂ ಇಲ್ಲ. ಆದರೆ ಅವನ ಬಲಗೆನ್ನೆ ಉಬ್ಬಿದೆ. ಎಡಗೆನ್ನೆ ಚಪ್ಪಟೆ.

"ನೋಡಿ, ಒಂದ್ ಕಡೀಕೆ ತಿಂತಾವ್ನೆ. ದವಡೆ ರೋಜಾ! ಪುಸ್ತಕದಲ್ಲೇ ಅದೆ!"

ಅಮ್ಮ, ಭಾಬಿ, ಮಾದೇವಮ್ಮ, ಮೂವರೂ ನನ್ನ ಕಡೆ ತಿರುಗಿದರು.

ಆ ಚಿತ್ರದಲ್ಲಿ ಹುಡುಗನ ಹಿಂದೆ ಒಂದು ಕಿಟಕಿಯಿತ್ತು. ಕಿಟಕಿಯಲ್ಲಿ ಕಪ್ಪು ಆಕಾಶ, ಬೆಳ್ಳಗೆ ಚಂದ್ರ. ಅಂದರೆ ಸೂರ್ಯ ಮುಳುಗಿದ್ದಾನೆ, ರೋಜಾ ಮುಗಿದಿದೆ, ಹುಡುಗನ ಕೆನ್ನೆಯಲ್ಲಿರುವುದು ಇಫ್ತಾರಿನ ಖರ್ಜೂರ. ಚರ್ಚಾಸ್ಪರ್ಧೆಗೆ ಮೊದಲ ಸಲ ಬಂದವರೂ ಈ ಸಾಕ್ಷ್ಯವನ್ನು ಒಂದೇ ನಿಮಿಷದಲ್ಲಿ ಪುಡಿ ಮಾಡುತ್ತಿದ್ದರು.

ಪುಸ್ತಕ ಹಿಡಿದಿದ್ದ ನನ್ನ ಹೆಬ್ಬೆರಳು ನಿಧಾನವಾಗಿ ಜರುಗಿ ಚಂದ್ರನ ಮೇಲೆ ಕೂತಿತು.

"ಹೌದು ಕಣೇ, ಪುಸ್ತಕದಲ್ಲೇ ಇದೆ" ಎಂದೆ.

ಸನಾ ಎರಡು ಲೋಟ ನೀರು ಒಂದೇ ಉಸಿರಿಗೆ ಕುಡಿದಳು. (ನೀರಿಗೆ ಯಾವ ದವಡೆ ಎಂದು ನಾನು ಕೇಳಲಿಲ್ಲ. ಇಷ್ಟಾದರೂ ಬುದ್ಧಿ ಬಂದಿತ್ತು.) ಅಮ್ಮ ಅನ್ನ ಸಾರು ಬಡಿಸಿದರು, ಜೊತೆಗೆ ಹಪ್ಪಳ. ಮಗು ಕತ್ತು ವಾಲಿಸಿಕೊಂಡು ಬಲಗಡೆಯಲ್ಲಿ ಅಗಿಯತೊಡಗಿತು. ಎಷ್ಟು ಶ್ರದ್ಧೆ ಅಂತೀರಿ! ಕೊಳ್ಳೇಗಾಲದ ನಮ್ಮ ಆಫೀಸಿನಲ್ಲಿ ಒಬ್ಬರಿದ್ದಾರೆ, ಮಧ್ಯಾಹ್ನದವರೆಗೆ 'ಫಾಸ್ಟಿಂಗ್' ಎಂದು ದಿನಾ ಸ್ಟೇಟಸ್ ಹಾಕುತ್ತಾರೆ, ನಡುವೆ ಹಾಲು ಹಾಕಿದ ಕಾಫಿ ಕುಡಿಯುತ್ತಾರೆ. ಕಾಫಿ ಲೆಕ್ಕಕ್ಕಿಲ್ಲವಂತೆ. ಅವರಲ್ಲಿ ಆಧಾರ ಕೇಳಬೇಕೆಂದು ನನಗೆ ಈವರೆಗೆ ಅನ್ನಿಸಿರಲಿಲ್ಲ, ಯಾಕೆ? ಆರು ವರ್ಷದವಳ ಹತ್ತಿರ ಮಾತ್ರ ಕೇಳಿದೆ.

"ಪುಪ್ಪು, ನೀವೂ ಮಡಗಿ. ಎಡಗಡೆ."

ಅದೇನು ಮಹಾ? ತಟ್ಟೆ ಹಿಡಿದು ಎದುರಿಗೆ ಕೂತೆ. ಮೊದಲ ತುತ್ತು ಬಲಕ್ಕೆ. ಎರಡನೆಯದೂ ಬಲಕ್ಕೆ. ಮೂರನೆಯದಕ್ಕೆ ಹಪ್ಪಳ ಮುರಿದುಕೊಂಡೆ. ಭಾಬಿ ಏನೋ ಅಂದರು, ನಾನು ಅದಕ್ಕೆ ಪ್ರತಿವಾದ ಹೂಡಿದೆ. ಮಾತಿನ ಭರದಲ್ಲಿ ಹಪ್ಪಳ ಎಲ್ಲಿಗೆ ಹೋಯಿತೋ!

"ಪುಪ್ಪು! ಎಡಗಡೀಕೆ ಓಯ್ತು! ಮುರ್ದೋಯ್ತು ನಿಮ್ದು!"

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಸನಾಗೆ ಮಾತ್ರ ನಗು ಬರಲಿಲ್ಲ. ಎಂಜಲು ಕೈಯಲ್ಲೇ ನನ್ನ ಮಂಡಿ ತಟ್ಟಿದಳು. "ಪರ್ವಾಗಿಲ್ಲ ಪುಪ್ಪು. ನೀವ್ ಇನ್ನೂ ಕಲೀತಾ ಇದ್ದೀರಲ್ವಾ."

ಮೂರು ತುತ್ತಿನವರೆಗೆ ಅರ್ಧ ಬಾಯಿಯನ್ನೂ ಹಿಡಿತದಲ್ಲಿಡಲಾರದ ನಾನು, ಯಾರ ಉಪವಾಸ ನಿಜ, ಯಾರದು ಸುಳ್ಳು ಎಂದು ಯಾವ ಬಾಯಿಂದ ಹೇಳಲಿ?