ಕಾಶವ್ವನ ಮೊಮ್ಮಗಳಿಗೆ ಹಲ್ಲು ಬಂದದ್ದು

ಅನಗೋಳದ ಉಜೈರನಿಗೆ ಕಾಯುವುದೆಂದರೆ ಆಗದು. ಆಟೋ ನಗರದ ಗ್ಯಾರೇಜಿನಲ್ಲಿದ್ದಾಗ ಬಣ್ಣ ಒಣಗುವ ಮೊದಲೇ ಗಾಡಿ ಒರೆಸಿ ಬೈಸಿಕೊಂಡವನು. ೨೦೦೧ರಲ್ಲಿ ಖಾನಾಪುರದ ಬಸ್ ಸ್ಟ್ಯಾಂಡಿನ ಬಳಿ ಸೈಬರ್ ಕೆಫೆ ತೆರೆದ ಮೇಲೆ, ಟೆಲಿಫೋನ್ ತಂತಿಯಲ್ಲಿ ವೆಬ್ ಪುಟಗಳು ತೆವಳಿಕೊಂಡು ಬರುವುದನ್ನು ಅವನಿಂದ ನೋಡಲಾಗಲಿಲ್ಲ. ಒಮ್ಮೆ ತಂದ ಪುಟವನ್ನು ಬ್ರೌಸರ್ ತನ್ನೊಳಗೇ ಇಟ್ಟುಕೊಂಡು, ಮತ್ತೆ ಕೇಳಿದಾಗ ಅದನ್ನೇ ತೋರಿಸುವಂತೆ ಮಾಡಿಬಿಟ್ಟ. ಪುಟಗಳು ಕಣ್ಣು ಪಿಳುಕಿಸುವಷ್ಟರಲ್ಲಿ ತೆರೆದುಕೊಂಡವು. ಗಿರಾಕಿಗಳು ಮೆಚ್ಚಿದರು.

ದೇಸೂರಿನ ಕಾಶವ್ವ ವಾರಕ್ಕೊಮ್ಮೆ ರೈಲು ಹತ್ತಿ ಸಂತೆಗೆ ಬಂದಾಗ ಅವನಲ್ಲಿಗೂ ಬರುತ್ತಿದ್ದಳು. ಭೋಪಾಳದಲ್ಲಿದ್ದ ಅವಳ ಅಳಿಯ ತನ್ನ ಕೂಸಿಗೆಂದು ವೆಬ್ ಪುಟ ಮಾಡಿ, ವಾರವಾರವೂ ಹೊಸ ಫೋಟೊ ಹಾಕುತ್ತಿದ್ದ. ಕಾಶವ್ವನಿಗೆ ಮಾತ್ರ ಯಾವಾಗಲೂ ಅದೇ ಬೊಚ್ಚು ಬಾಯಿ, ತಲೆಗೆ ಅದೇ ಹಸಿರು ಕುಂಚಿಗೆ ಕಾಣುತ್ತಿತ್ತು. ಎಸ್‌ಟಿಡಿ ಬೂತಿನಿಂದ ಮಗಳು ಪ್ರಮಿಳಾಳಿಗೆ ಫೋನು ಮಾಡಿ, ಕೂಸಿಗೆ ಸರಿಯಾಗಿ ಉಣಿಸುವುದಿಲ್ಲ, ಕುಂಚಿಗೆಯನ್ನೂ ಒಗೆಯುವುದಿಲ್ಲ ಎಂದು ಬೈದಳು. ಹಲ್ಲು ಬಂದಿದೆಯೆಂದು ಮಗಳು ಹೇಳಿದರೆ, ಈಗಷ್ಟೇ ನೋಡಿ ಬಂದೆ, ಸುಳ್ಳಾಡಬೇಡ ಎಂದಳು. ಪ್ರಮಿಳಾ ಮಾತು ಬಿಟ್ಟಳು.

ಇದನ್ನೆಲ್ಲ ಹೇಳಿಕೊಂಡು ಕಾಶವ್ವ ಕಣ್ಣೊರೆಸಿಕೊಂಡಾಗ ಉಜೈರನಿಗೆ ಫಕ್ಕನೆ ಹೊಳೆಯಿತು.

“ಆಯೀ, ಕೂಸು ಬೆಳದೈತ್ರಿ. ನನ್ನ ಕಂಪ್ಯೂಟರ ಹಳೇ ಫೋಟೋನ ಇಟಗೊಂಡು ಕುಂತೈತಿ.”

“ಅಂದ್ರ ಇಷ್ಟು ದಿನಾ ತಂಗಳಾ ಬಡಿಸಿದಿ ಏನ ತಮ್ಮಾ?”

ಉಜೈರ ಮೂಲೆಯ ಕಂಪ್ಯೂಟರನ್ನು ಪ್ರತಿ ಸಲ ಹೊಸ ಪುಟ ತರುವಂತೆ ತಿದ್ದಿ, ಅವಳನ್ನು ಅಲ್ಲಿ ಕೂಡಿಸಿದ. ಫೋಟೊ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು. ಕೆಂಪು ಕುಂಚಿಗೆ ಬಂತು, ಹಣೆ ಬಂತು, ಕಣ್ಣು ಬಂದವು. ಮೂಗಿನ ಹತ್ತಿರ ನಿಂತುಬಿಟ್ಟಿತು. ಇನ್ನೊಂದು ಕಂಪ್ಯೂಟರಿನಲ್ಲಿ ಪೇಪರ್ ಓದುತ್ತಿದ್ದ ನಿವೃತ್ತ ಮಾಸ್ತರ ಬಸಲಿಂಗಪ್ಪನೂ ಎದ್ದು ಬಂದು ಹಿಂದೆ ನಿಂತ. ಉಜೈರ ಉಗುರು ಕಚ್ಚಿದ. ಕೊನೆಗೆ ತುಟಿ ಇಳಿಯಿತು, ಅದರ ಕೆಳಗೆ ಅಕ್ಕಿಕಾಳಿನಂಥ ಎರಡು ಹಲ್ಲು. ಕಾಶವ್ವ ಮಗಳಿಗೆ ಫೋನು ಮಾಡಲು ಬೂತಿಗೆ ಓಡಿದಳು.

ಉಜೈರ ಎಲ್ಲ ಕಂಪ್ಯೂಟರುಗಳನ್ನೂ ಹಾಗೇ ತಿದ್ದಲು ಹೊರಟ. ಬಸಲಿಂಗಪ್ಪ ಅಡ್ಡ ಬಂದ. ಇಷ್ಟು ಹೊತ್ತು ಕಾಯುವುದಾದರೆ ತನಗೆ ನಿನ್ನೆಯ ಸುದ್ದಿಯೇ ಸಾಕು ಎಂದ. ಅಷ್ಟರಲ್ಲಿ ನಗುತ್ತ ಮರಳಿದ ಕಾಶವ್ವ, ತಾನು ಮೊದಲು ಕೂಡುತ್ತಿದ್ದ ಕಂಪ್ಯೂಟರಿನ ಮೇಲೆ ಕೈಯಿಟ್ಟಳು.

“ಇದನ್ನ ಮುಟ್ಟಬ್ಯಾಡಪಾ. ಬೊಚ್ಚು ಬಾಯಿ ಇಲ್ಲೇ ಇರ್ಲಿ.”

ಮೂಲೆಯದಕ್ಕೆ ಹೊಸತು, ಉಳಿದವಕ್ಕೆ ಹಳೆಯದು ಎಂದು ತೀರ್ಮಾನವಾಯಿತು. ಅಂದಿನಿಂದ ಕಾಶವ್ವ ಬಂದರೆ ಎರಡು ಕುರ್ಚಿ ಹಿಡಿಯುತ್ತಾಳೆ: ಹೊಸ ಫೋಟೊದ ಮುಂದೆ ತಾನು, ಬೊಚ್ಚು ಬಾಯಿಯ ಮುಂದೆ ತನ್ನ ಸಂತೆಯ ಚೀಲ. ಕುರ್ಚಿ ಸಿಗದ ಬಸಲಿಂಗಪ್ಪ ಬಾಗಿಲಲ್ಲಿ ನಿಂತು ಕಾಯುತ್ತಾನೆ.