ಐತಾಳರು ಇಟ್ಟ ಅಡ್ಡಹೆಸರುಗಳು

ಸದಾನಂದ ಐತಾಳರಿಗೆ ಉದ್ದ ಮಾತು ಕಂಡರೆ ಆಗುತ್ತಿರಲಿಲ್ಲ. ಅದು ಪುಣೆಯ ಶಿವಾಜಿನಗರದಲ್ಲಿದ್ದ ತಂದೆಯ ಹೋಟೆಲಿನಿಂದ ಬಂದ ಗುಣ. ಅಲ್ಲಿ ಮಾಣಿ ‘ಎರಡು ಕೆಂಪು’ ಎಂದು ಕೂಗಿದರೆ ಸಾಕು, ಗರಿಗರಿಯಾದ ಎರಡು ಮಸಾಲೆ ದೋಸೆ ಹೊರಗೆ ಬರುತ್ತಿದ್ದವು.

ಚಿಂಚವಾಡದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗ ಸೇರಿದ ಮೇಲೂ ಐತಾಳರು ಅದನ್ನೇ ಮಾಡಿದರು. ಪ್ರೋಗ್ರಾಮಿನ ತಪ್ಪು ಹುಡುಕುವ ಡಿಬಗರಿನ ಉದ್ದುದ್ದ ಆಜ್ಞೆಗಳಿಗೆಲ್ಲ ಅಲ್ಲಿನ ಕಂಪ್ಯೂಟರಿನಲ್ಲಿ ತಾವೇ ಒಂದೊಂದಕ್ಷರದ ಅಡ್ಡಹೆಸರು ಸೇರಿಸಿದರು. ನಾಲ್ಕು ವರ್ಷದಲ್ಲಿ ಆಜ್ಞೆಗಳ ಅಸಲಿ ಹೆಸರು ಅವರಿಗೇ ಮರೆತುಹೋಯಿತು.

೧೯೮೭ರಲ್ಲಿ ಇನ್ನೊಂದು ಕಾರ್ಖಾನೆಯವರು ದೊಡ್ಡ ಪಂಡಿತರೆಂದು ಅವರನ್ನು ಕರೆಸಿದರು. ಐತಾಳರು ಅಂಗಿಯ ತೋಳು ಮಡಚಿ, ಗತ್ತಿನಿಂದ ಒಂದಕ್ಷರ ಒತ್ತಿದರು. ಇಂಥ ಆಜ್ಞೆ ಗೊತ್ತಿಲ್ಲ ಎಂದಿತು ಕಂಪ್ಯೂಟರು. ಇನ್ನೊಂದಕ್ಷರ ಒತ್ತಿದರೂ ಅದೇ ಉತ್ತರ. ಕೊನೆಗೆ ಅವರು ಗಂಭೀರವಾಗಿ, “ನಿಮ್ಮ ಮಷೀನೇ ಕೆಟ್ಟಿದೆ” ಎಂದು ಹೇಳಿ, ಕೊಟ್ಟ ಚಹಾ ಕುಡಿದು ಎದ್ದು ಬಂದರು.

ಸಂಜೆ ಹೋಟೆಲಿನಲ್ಲಿ ಇದನ್ನೆಲ್ಲ ಕೇಳಿದ ತಂದೆ, ಗಲ್ಲಾದ ಹಿಂದೆ ಎಲೆ ಅಡಿಕೆ ಅಗಿಯುತ್ತಲೇ ಹೇಳಿದರು:

“ನಮ್ಮ ಮಾಣಿ ಬೇರೆ ಹೋಟೆಲಿಗೆ ಹೋಗಿ ‘ಎರಡು ಕೆಂಪು’ ಅಂತ ಕೂಗಿದ. ದೋಸೆ ಬರ್ಲಿಲ್ಲ. ಹಾಗಂತ ಅವರ ಕಾವಲಿ ಕೆಟ್ಟಿದೆ ಅಂತ ಹೇಳುವುದಾ ಮಾರಾಯ?”